ಹತ್ತನೇ ವಿಧಿಯ ಮೇಲೆ ಗೂಬೆ ಕೂರಿಸುವವರಿಗೆ

ದಕ್ಷಿಣ ಏಷ್ಯಾ ದೇಶಗಳ ಕೂಟವಾದ ಸಾರ್ಕ್ ಕುರಿತ ನನ್ನ ಹಿಂದಿನ ಬರಹಕ್ಕೆ ಬಂದ ಆಕ್ಷೇಪಗಳಲ್ಲಿ ಬೈಗುಳ ಕಮ್ಮಿ, ವಾದ ಜಾಸ್ತಿ ಇದ್ದದ್ದು ಸಂತೋಷ. ನಾನು ಹೇಳಿದ್ದು ಇಷ್ಟು: ಒಂದು ದೇಶದ ಒಳಗಿನ ಕಲಹವನ್ನು ನೆರೆಹೊರೆಯ ದೇಶಗಳ ಕೂಟ ತಾನೇ ಮುಂದೆ ನಿಂತು ತೀರಿಸಲಾರದು. ಒಳಗಿನವರು ತೀರಿಸಿಕೊಳ್ಳಲು ಹೊರಟಾಗ ಕೈ ಜೋಡಿಸಬಲ್ಲದು. ಸಾರ್ಕ್ ಮೊದಲನೆಯದನ್ನು ಮಾಡಲಿಲ್ಲ ಎಂದು ನನಗೆ ದೂರಿಲ್ಲ, ಎರಡನೆಯದಕ್ಕೂ ಮೈ ಬಗ್ಗಿಸಲಿಲ್ಲ ಎಂಬುದೇ ದೂರು. ಇದನ್ನು ಕೆಲವರು ದಿಲ್ಲಿ ಸರ್ಕಾರದ ವಕಾಲತ್ತು ಎಂದರು, ಕೆಲವರು ಕೈಲಾಗದವರ ವೇದಾಂತ ಎಂದರು. ಒಬ್ಬರಂತೂ, ಎಡಕುಮೇರಿಯ ಕಾಡಂಚಿನಲ್ಲಿ ಕಾಫಿ ಕೊಯ್ಲು ನೋಡಿಕೊಂಡಿರುವವನಿಗೆ ಕೊಲಂಬೊ, ಕಠ್ಮಂಡುವಿನ ಉಸಾಬರಿ ಯಾಕೆ ಎಂದು ಕೇಳಿದ್ದಾರೆ. ಅವರಿಂದಲೇ ಶುರು ಮಾಡುತ್ತೇನೆ.

ಎಡಕುಮೇರಿ ನಿಲ್ದಾಣದಿಂದ ರೈಲು ಘಾಟಿ ಇಳಿದರೆ ಸಿರಿಬಾಗಿಲು, ಆಮೇಲೆ ನೆಟ್ಟಣದ ಸುಬ್ರಹ್ಮಣ್ಯ ರೋಡ್. ಅಲ್ಲಿಂದ ಸುಳ್ಯದ ಕಡೆಗೆ ಹೊರಟರೆ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳು ಸಿಗುತ್ತವೆ. ಬೆಳಕು ಹರಿಯುವ ಮೊದಲೇ ತಲೆಗೆ ದೀಪ ಕಟ್ಟಿಕೊಂಡು ಮರದಿಂದ ಮರಕ್ಕೆ ನಡೆಯುತ್ತಾ, ಬಾಗಿದ ಕತ್ತಿಯಿಂದ ತೊಗಟೆಯನ್ನು ಓರೆಯಾಗಿ ಹೆರೆದು, ಹಾಲು ತೊಟ್ಟಿಕ್ಕುವ ತಗಡಿನ ಕೆಳಗೆ ಬಟ್ಟಲು ನೆಟ್ಟಗೆ ಮಾಡಿ ಮುಂದಿನ ಮರಕ್ಕೆ ಹೋಗುವ ಕಾರ್ಮಿಕರಲ್ಲಿ ಬಹಳ ಮಂದಿಯ ಹಿರಿಯರು ಹುಟ್ಟಿದ್ದು ಸಿಲೋನಿನ ಚಹಾ ತೋಟಗಳ ಲೈನ್ ಮನೆಗಳಲ್ಲಿ. ಸ್ವಾತಂತ್ರ್ಯ ಬಂದ ವರ್ಷವೇ, 1948ರಲ್ಲಿ, ಸಿಲೋನ್ ಸರ್ಕಾರ ತಂದ ಪೌರತ್ವ ಕಾಯ್ದೆ ಅಲ್ಲಿನ ತೋಟದ ತಮಿಳರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಅಕ್ಟೋಬರ್‌ನಲ್ಲಿ ಸಿರಿಮಾವೊ ಬಂಡಾರನಾಯಕೆ ಮತ್ತು ಲಾಲ್ ಬಹದ್ದೂರ್ ಶಾಸ್ತ್ರಿ ಕೂತು, 9,75,000 ಜನರಲ್ಲಿ 5,25,000 ಭಾರತಕ್ಕೆ, 3,00,000 ಸಿಲೋನಿಗೆ ಎಂದು ಪಾಲು ಮಾಡಿಕೊಂಡರು. ಉಳಿದ 1,50,000 ಮಂದಿಯನ್ನು 1974ರಲ್ಲಿ ಇಂದಿರಾ ಗಾಂಧಿ ಮತ್ತು ಸಿರಿಮಾವೊ ಸಮಪಾಲು ಮಾಡಿದರು. ಪಾಲಾದವರ ಅಭಿಪ್ರಾಯವನ್ನು ಮಾತ್ರ ಯಾರೂ ಕೇಳಲಿಲ್ಲ. ತಲೆಮಾರುಗಳಿಂದ ನೋಡದ ದೇಶಕ್ಕೆ ಬಂದಿಳಿದವರಲ್ಲಿ ಒಂದು ಪಾಲು ಸುಳ್ಯ, ಪುತ್ತೂರಿನ ರಬ್ಬರ್ ಮರಗಳ ಕೆಳಗೆ ನೆಲೆಯೂರಿತು. ದ್ವೀಪದ ಒಳಜಗಳ ನಮ್ಮ ಘಾಟಿಯ ಬುಡಕ್ಕೆ ಬಂದು ತಲುಪಿದ್ದು ಹೀಗೆ, ಸಾರ್ಕ್ ಹುಟ್ಟುವುದಕ್ಕೂ ಎಷ್ಟೋ ವರ್ಷ ಮುಂಚೆ. ಆದ್ದರಿಂದ ಒಳಜಗಳ ಒಳಗೇ ಉಳಿಯುತ್ತದೆ ಎಂದು ನಾನು ವಾದಿಸುತ್ತಿಲ್ಲ. ಉಸಾಬರಿ ನಮಗೂ ಇದೆ.

ಎರಡನೆಯ ಆಕ್ಷೇಪ ಹೆಚ್ಚು ಜನರದ್ದು. ಸಾರ್ಕ್ ಸನ್ನದಿನ ಹತ್ತನೇ ವಿಧಿಯೇ ಎಲ್ಲಕ್ಕೂ ಮೂಲ, ಅದನ್ನು ಕಿತ್ತು ಹಾಕಿದ್ದರೆ ಶ್ರೀಲಂಕಾದ ಯುದ್ಧ, ನೇಪಾಳದ ಮಾವೋವಾದಿ ಬಂಡಾಯ, ಭೂತಾನಿನ ನಿರಾಶ್ರಿತರ ಗೋಳು ಯಾವುದೂ ಆ ಮಟ್ಟಕ್ಕೆ ಹೋಗುತ್ತಿರಲಿಲ್ಲ ಎಂಬುದು ಅವರ ವಾದ. 1985ರ ಡಿಸೆಂಬರ್ 8ರಂದು ಢಾಕಾದಲ್ಲಿ ಏಳು ದೇಶಗಳು ಸಹಿ ಹಾಕಿದ ಆ ಸನ್ನದಿನ ಹತ್ತನೇ ವಿಧಿ ಹೇಳುವುದು ಎರಡೇ ಮಾತು. ಎಲ್ಲ ಹಂತದ ತೀರ್ಮಾನಗಳೂ ಸರ್ವಾನುಮತದಿಂದ ಆಗಬೇಕು. ಇಬ್ಬರ ನಡುವಿನ ಮತ್ತು ವಿವಾದದ ವಿಷಯಗಳು ಚರ್ಚೆಗೆ ಬರಕೂಡದು. ಎರಡನೇ ವಿಧಿಯಲ್ಲಿ ಪರಸ್ಪರರ ಆಂತರಿಕ ವಿಷಯಗಳಲ್ಲಿ ತಲೆ ಹಾಕಬಾರದು ಎಂಬ ತತ್ವ ಬೇರೆ ಇದೆ.

ಸರಿ, ಈ ವಿಧಿಯನ್ನು ಬರೆದವರು ಯಾರು? ಯಾವನೋ ಗುಮಾಸ್ತ ಕಣ್ತಪ್ಪಿನಿಂದ ಸೇರಿಸಿದ್ದಲ್ಲ. 1983ರ ಜುಲೈ ಕೊನೆಯ ವಾರ ಕೊಲಂಬೊ ಹೊತ್ತಿ ಉರಿಯಿತು. ತಮಿಳರ ಮನೆ, ಅಂಗಡಿಗಳನ್ನು ಹುಡುಕಿ ಹುಡುಕಿ ಸುಟ್ಟರು, ವೆಲಿಕಡ ಜೈಲಿನೊಳಗೇ ತಮಿಳು ಕೈದಿಗಳನ್ನು ಕೊಂದರು. ವಿದೇಶಾಂಗ ಸಚಿವ ಪಿ.ವಿ. ನರಸಿಂಹರಾವ್ ಅದೇ ವಾರ ಕೊಲಂಬೊಗೆ ಹೋಗಿಬಂದರು. ಬಂದ ಬೆನ್ನಿಗೇ, ಆಗಸ್ಟ್ ತಿಂಗಳ ಮೊದಲ ಎರಡು ದಿನ ದಿಲ್ಲಿಯಲ್ಲಿ ಏಳು ದೇಶಗಳ ವಿದೇಶಾಂಗ ಸಚಿವರು ಮೊದಲ ಬಾರಿಗೆ ಸೇರಿ ದಕ್ಷಿಣ ಏಷ್ಯಾ ಸಹಕಾರದ ಘೋಷಣೆಗೆ ಒಪ್ಪಿಗೆ ಕೊಟ್ಟರು. ಕೊಲಂಬೊದ ಬೂದಿ ಇನ್ನೂ ಬಿಸಿಯಾಗಿದ್ದಾಗಲೇ ಕೂಟದ ತಳಪಾಯ ಬಿದ್ದದ್ದು, ಆ ತಳಪಾಯಕ್ಕೆ ಬಿದ್ದ ಕಲ್ಲುಗಳಲ್ಲಿ ಒಂದು ಹಸ್ತಕ್ಷೇಪ ಬೇಡ ಎಂಬುದು.

ಯಾಕೆ ಎಲ್ಲರೂ ಒಪ್ಪಿದರು? ಎಲ್ಲರ ಮನೆಯ ದೋಸೆಯೂ ತೂತೇ. ಅದೇ ವರ್ಷ ಫೆಬ್ರವರಿಯಲ್ಲಿ ಅಸ್ಸಾಮಿನ ನೆಲ್ಲಿಯಲ್ಲಿ ಹತ್ಯಾಕಾಂಡ ನಡೆದಿತ್ತು, ಪಂಜಾಬ್ ಕುದಿಯುತ್ತಿತ್ತು. ಪಾಕಿಸ್ತಾನದ ಸಿಂಧ್‌ನಲ್ಲಿ ಜಿಯಾ ಉಲ್ ಹಕ್ ವಿರುದ್ಧ ದಂಗೆ ಎದ್ದದ್ದು ಅದೇ ಆಗಸ್ಟ್‌ನಲ್ಲಿ. ಬಾಂಗ್ಲಾದೇಶದ ಚಿತ್ತಗಾಂಗ್ ಗುಡ್ಡಗಳಲ್ಲಿ ಚಕ್ಮಾ ಜನರ ಮೇಲೆ ಸೈನ್ಯ ಬಿಟ್ಟಿದ್ದರು. ನೇಪಾಳದಲ್ಲಿ ರಾಜಕೀಯ ಪಕ್ಷಗಳಿಗೇ ನಿಷೇಧವಿತ್ತು. ಕಾಶ್ಮೀರ ಮೇಜಿನ ಮೇಲೆ ಬರದಿರಲಿ ಎಂದು ದಿಲ್ಲಿಗೆ ಅನಿಸಿದ್ದರೆ, ದಿಲ್ಲಿ ತಮ್ಮ ಅಡುಗೆಮನೆಗೆ ಬರದಿರಲಿ ಎಂದು ಮಿಕ್ಕವರಿಗೆ ಅನಿಸಿತ್ತು. ಹತ್ತನೇ ವಿಧಿ ಇವರನ್ನು ಮೂಕರನ್ನಾಗಿ ಮಾಡಲಿಲ್ಲ. ಮೂಕರಾಗಿರಲು ಬಯಸಿದವರು ಅದನ್ನು ಬರೆದುಕೊಂಡರು. ನಾಳೆಯೇ ಆ ವಿಧಿಯನ್ನು ಅಳಿಸಿದರೂ ಅಳಿಸುವ ಕೈಗಳು ಅವೇ ಸರ್ಕಾರಗಳದ್ದು ತಾನೆ?

ಮೂರನೆಯದು ನನ್ನನ್ನು ನಿಜಕ್ಕೂ ಯೋಚನೆಗೆ ಹಚ್ಚಿದ ಆಕ್ಷೇಪ. ಬರೆದವರಿಗೆ ಬೆಂಗಳೂರಿನ ನೆನಪು ಚೆನ್ನಾಗಿದೆ. 1986ರ ನವೆಂಬರ್ 16 ಮತ್ತು 17ರಂದು ಸಾರ್ಕ್‌ನ ಎರಡನೇ ಶೃಂಗಸಭೆ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಅದೇ ಹೊತ್ತಿಗೆ ರಾಜೀವ್ ಗಾಂಧಿ ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ಜೊತೆ ತಮಿಳರ ಪ್ರಶ್ನೆ ಮಾತಾಡಿದರು, ಎಲ್‌ಟಿಟಿಇಯ ಪ್ರಭಾಕರನ್‌ನನ್ನು ವಿಮಾನದಲ್ಲಿ ಬೆಂಗಳೂರಿಗೆ ಕರೆಸಿಕೊಂಡರು, ತಮಿಳುನಾಡಿನ ಮುಖ್ಯಮಂತ್ರಿ ಎಂಜಿಆರ್ ಅವರೂ ಬಂದರು. ಪ್ರಾದೇಶಿಕ ವೇದಿಕೆ ಇಲ್ಲದಿದ್ದರೆ ಇದೆಲ್ಲ ಆಗುತ್ತಿತ್ತೇ, ಅಂದಮೇಲೆ ಸಾರ್ಕ್‌ಗೆ ಆ ಶಕ್ತಿ ಇತ್ತು ಎಂದಾಯಿತಲ್ಲ ಎಂದು ಅವರ ಪ್ರಶ್ನೆ.

ಆ ಎರಡು ದಿನಗಳನ್ನು ಸ್ವಲ್ಪ ಬಿಡಿಸಿ ನೋಡೋಣ. ಸಭೆಯ ಒಳಗೆ ಏನಾಯಿತು? ಕಠ್ಮಂಡುವಿನಲ್ಲಿ ಸಚಿವಾಲಯ ತೆರೆಯುವ ಒಪ್ಪಂದಕ್ಕೆ ಸಹಿ ಬಿತ್ತು. ಬಾಂಗ್ಲಾದೇಶದ ಅಬುಲ್ ಅಹ್ಸನ್ ಮೊದಲ ಪ್ರಧಾನ ಕಾರ್ಯದರ್ಶಿಯಾದರು. ಮಕ್ಕಳ ಆರೋಗ್ಯ, ಪ್ರವಾಸೋದ್ಯಮ, ಮಾದಕವಸ್ತು ತಡೆ ಮುಂತಾದವು ಘೋಷಣೆಯಲ್ಲಿ ಬಂದವು. ತಮಿಳರ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಸಭೆಯ ಹೊರಗೆ ನಡೆದ ಮಾತು ಭಾರತ ಮತ್ತು ಶ್ರೀಲಂಕಾದ್ದು. ಪೂರ್ವ ಪ್ರಾಂತವನ್ನು ತಮಿಳರು, ಸಿಂಹಳರು, ಮುಸ್ಲಿಮರ ಭಾಗಗಳೆಂದು ಮೂರಾಗಿ ಒಡೆಯುವ ಸೂತ್ರ ಅಲ್ಲಿ ಮುಂದಿಟ್ಟರು. ಪ್ರಭಾಕರನ್ ಒಪ್ಪಲಿಲ್ಲ, ವಾಪಸ್ ಮದ್ರಾಸಿಗೆ ಹೋದ. ಅದಕ್ಕೆ ಕೆಲವೇ ದಿನ ಮುಂಚೆ ತಮಿಳುನಾಡು ಪೊಲೀಸರು ಉಗ್ರರ ಶಿಬಿರಗಳಿಗೆ ನುಗ್ಗಿ ಆಯುಧ ಕಿತ್ತುಕೊಂಡು, ನಾಯಕರನ್ನು ಮನೆಯಲ್ಲೇ ಕೂಡಿಹಾಕಿದ್ದರು. ಅಂದರೆ ಆತ ಬೆಂಗಳೂರಿಗೆ ಬಂದದ್ದು ಸಂಧಾನಕ್ಕೆ ಕರೆ ಬಂದ ಅತಿಥಿಯಾಗಿ ಅಲ್ಲ, ಕೈ ತಿರುಚಿ ತಂದ ಅವಲಂಬಿಯಾಗಿ. ಈ ಎಲ್ಲದರಲ್ಲಿ ನೇಪಾಳ, ಭೂತಾನ್, ಮಾಲ್ಡೀವ್ಸ್, ಬಾಂಗ್ಲಾದೇಶ, ಪಾಕಿಸ್ತಾನಗಳ ಪಾತ್ರ ಸೊನ್ನೆ. ಸಾರ್ಕ್ ಕೊಟ್ಟದ್ದು ಒಂದು ಮೊಗಸಾಲೆ ಮಾತ್ರ. ಮೊಗಸಾಲೆಗೂ ಬೆಲೆ ಇದೆ, ಅಲ್ಲಗಳೆಯುವುದಿಲ್ಲ. ಜಯವರ್ಧನೆ ದಿಲ್ಲಿಗೆ ಹೋಗಿದ್ದರೆ ಶರಣಾಗಲು ಹೋದ ಎಂದು ಕೊಲಂಬೊದಲ್ಲಿ ಕೂಗೆದ್ದಿರುತ್ತಿತ್ತು, ಶೃಂಗಸಭೆಗೆ ಹೋದರೆ ಆ ಮುಜುಗರವಿಲ್ಲ. ಆದರೆ ಮೊಗಸಾಲೆಯಲ್ಲಿ ಯಾರು ಯಾರೊಡನೆ ಮಾತಾಡಿದರೆಂಬ ಲೆಕ್ಕವನ್ನು ಮನೆಯ ಯಜಮಾನನ ಖಾತೆಗೆ ಹಾಕಲಾಗದು.

ಮುಂದಿನ ಕತೆ ಇನ್ನೂ ಸ್ಪಷ್ಟ. ಶೃಂಗಸಭೆಯ ಹಾರತುರಾಯಿ ಒಣಗಿ ಏಳು ತಿಂಗಳೂ ಆಗಿರಲಿಲ್ಲ. 1987ರ ಜೂನ್ 4ರಂದು ಇದೇ ಬೆಂಗಳೂರಿನಿಂದ ಭಾರತೀಯ ವಾಯುಪಡೆಯ ಐದು ಎಎನ್-32 ವಿಮಾನಗಳು ಹಾರಿದವು. ಮಿರಾಜ್ 2000 ಕಾವಲಿನಲ್ಲಿ ಹೋಗಿ, ಮುತ್ತಿಗೆಯಲ್ಲಿದ್ದ ಜಾಫ್ನಾದ ಮೇಲೆ ಆಹಾರ, ಔಷಧಿಯ ಮೂಟೆಗಳನ್ನು ಉದುರಿಸಿ ಬಂದವು. ಶ್ರೀಲಂಕಾದ ಅನುಮತಿ ಇರಲಿಲ್ಲ. ಸ್ನೇಹದ ಘೋಷಣೆ ಹೊರಟದ್ದೂ ಹಸ್ತಕ್ಷೇಪದ ವಿಮಾನ ಹೊರಟದ್ದೂ ಒಂದೇ ಊರಿನಿಂದ. ಹತ್ತನೇ ವಿಧಿ ಯಾರ ಕೈಯನ್ನು ಕಟ್ಟಿತು ಸ್ವಾಮಿ? ಮಧ್ಯೆ ಹೋಗಬೇಕು ಎಂದು ನಿರ್ಧರಿಸಿದ ದೇಶ ಸನ್ನದು ತೆರೆದು ನೋಡಲಿಲ್ಲ. ಜುಲೈ 29ಕ್ಕೆ ಕೊಲಂಬೊ ಒಪ್ಪಂದ, ಅದರ ಬೆನ್ನಿಗೆ ಶಾಂತಿಪಾಲನಾ ಪಡೆ. 1990ರ ಮಾರ್ಚ್‌ನಲ್ಲಿ ಪಡೆ ಹಿಂದಿರುಗುವ ಹೊತ್ತಿಗೆ ಸುಮಾರು 1,200 ಭಾರತೀಯ ಸೈನಿಕರು ಸತ್ತಿದ್ದರು. ಭಾರತದ ಸೈನ್ಯ ತನ್ನ ನೆಲದಲ್ಲಿರುವಾಗ ತಾನು ಆತಿಥ್ಯ ವಹಿಸಲಾರೆ ಎಂದು ಶ್ರೀಲಂಕಾದ ಅಧ್ಯಕ್ಷ ಪ್ರೇಮದಾಸ ಹಟ ಹಿಡಿದಿದ್ದರಿಂದ 1989ರಲ್ಲಿ ಸಾರ್ಕ್ ಶೃಂಗಸಭೆಯೇ ನಡೆಯಲಿಲ್ಲ, ಮರುವರ್ಷ ಮಾಲೆಗೆ ಹೋಯಿತು. ಒಳಜಗಳವನ್ನು ಕೂಟ ಬಗೆಹರಿಸುವುದಿರಲಿ, ಒಳಜಗಳವೇ ಕೂಟದ ಬಾಗಿಲು ಹಾಕಿಸಿತು. ಆ ಸರಣಿಯ ಕೊನೆಯ ಅಂಕಗಳಲ್ಲಿ ಒಂದು ಮತ್ತೆ ಬೆಂಗಳೂರಿಗೇ ಬಂತು. 1991ರ ಆಗಸ್ಟ್‌ನಲ್ಲಿ, ರಾಜೀವ್ ಗಾಂಧಿ ಹತ್ಯೆಯ ಸಂಚುಕೋರ ಶಿವರಾಸನ್ ಮತ್ತು ಸಂಗಡಿಗರು ಕೋಣನಕುಂಟೆಯ ಮನೆಯೊಂದರಲ್ಲಿ ಸತ್ತು ಬಿದ್ದಿದ್ದರು.

ಇಲ್ಲೇ ನಾಲ್ಕನೆಯ ಆಕ್ಷೇಪ ಹುಟ್ಟುತ್ತದೆ: ಹಾಗಾದರೆ ಎಲ್ಲ ಭಾರತದ ದೊಡ್ಡಣ್ಣತನದ ಫಲ, ಅದನ್ನು ನೇರ ಹೇಳಲು ನಿನಗೆ ಬಾಯಿ ಬರುವುದಿಲ್ಲ. ಬರುತ್ತದೆ. ಉಗ್ರರಿಗೆ ತರಬೇತಿ ಕೊಟ್ಟವನು, ಅವರಿಂದ ನೊಂದ ಸರ್ಕಾರದ ಮಿತ್ರ, ನಿರಾಶ್ರಿತರ ಆಶ್ರಯದಾತ, ಸಂಧಾನಕಾರ, ಕೊನೆಗೆ ಬಂದೂಕು ಹಿಡಿದ ಪಾಲಕ, ಈ ಐದೂ ವೇಷವನ್ನು ಒಬ್ಬನೇ ಕಟ್ಟಿದರೆ ಆಟ ಕೆಡದೆ ಇನ್ನೇನಾಗುತ್ತದೆ? ಆದರೆ ಸುಮಾರು ಐವತ್ತು ಶ್ರೀಲಂಕಾಗಳ ಗಾತ್ರದ ಭಾರತವನ್ನು ಕತ್ತರಿಸಿ ಚಿಕ್ಕದು ಮಾಡಲಾಗುವುದಿಲ್ಲ. ಒಂದು ಕೂಟದಲ್ಲಿ ಒಬ್ಬ ಮಾತ್ರ ಬಹಳ ದೊಡ್ಡವನಾಗಿದ್ದರೆ, ಕೂಟದ ಹಸ್ತಕ್ಷೇಪ ಎಂಬುದು ಅವನೊಬ್ಬನ ಹಸ್ತಕ್ಷೇಪಕ್ಕೆ ಹಾಕಿದ ಒಳ್ಳೆಯ ಹೆಸರಾಗುತ್ತದೆ. ದೊಡ್ಡಣ್ಣನನ್ನು ಬೈಯುವವರೇ ಕೂಟಕ್ಕೆ ಸೈನ್ಯದ ಅಧಿಕಾರ ಕೊಡಿ ಎನ್ನುವುದು ನನಗೆ ಅರ್ಥವಾಗದ ತರ್ಕ. ಆ ಸೈನ್ಯ ಎಲ್ಲಿಂದ ಬರಬೇಕು, ಥಿಂಪುವಿನಿಂದಲೇ?

ಆಫ್ರಿಕಾ ನೋಡಿ ಕಲಿಯಿರಿ ಎಂಬ ಐದನೆಯ ವಾದಕ್ಕೂ ಉತ್ತರ ಇದೇ ಜಾಡಿನಲ್ಲಿದೆ. ಆಫ್ರಿಕನ್ ಒಕ್ಕೂಟದ 2000ದ ಸ್ಥಾಪನಾ ಕಾಯ್ದೆಯ 4(ಎಚ್) ಕಲಮು ನರಮೇಧ, ಯುದ್ಧಾಪರಾಧ, ಮಾನವತೆಯ ವಿರುದ್ಧದ ಅಪರಾಧ ನಡೆದಾಗ ಸದಸ್ಯ ರಾಷ್ಟ್ರದೊಳಗೆ ಮಧ್ಯೆ ಹೋಗುವ ಹಕ್ಕನ್ನು ಒಕ್ಕೂಟಕ್ಕೆ ಕೊಡುತ್ತದೆ. ಕಾಗದದ ಮೇಲೆ ಇದು ಬಹಳ ಗಟ್ಟಿ ಮಾತು. 2015ರ ಡಿಸೆಂಬರ್‌ನಲ್ಲಿ ಬುರುಂಡಿ ಹೊತ್ತಿಕೊಂಡಾಗ ಒಕ್ಕೂಟದ ಶಾಂತಿ ಮತ್ತು ಭದ್ರತಾ ಮಂಡಳಿ 5,000 ಸೈನಿಕರನ್ನು ಕಳಿಸಲು ಮಂಜೂರು ಮಾಡಿತು. ಬಂದವರನ್ನು ದಾಳಿಕೋರರೆಂದು ಎದುರಿಸುತ್ತೇವೆ ಎಂದಿತು ಬುರುಂಡಿ. ಮರು ತಿಂಗಳ ಶೃಂಗಸಭೆಯಲ್ಲಿ ದೇಶಗಳ ಮುಖ್ಯಸ್ಥರು ತಮ್ಮ ಮಂಡಳಿಯ ತೀರ್ಮಾನವನ್ನೇ ಕೈಬಿಟ್ಟರು. ಇಂದು ಬುರುಂಡಿಗೆ ಹೊಕ್ಕ ಸೈನ್ಯ ನಾಳೆ ತಮ್ಮ ಮನೆಗೂ ಬಂದೀತಲ್ಲ.

ಲೈಬೀರಿಯಾ ಇನ್ನೂ ಕಹಿ. ಪಶ್ಚಿಮ ಆಫ್ರಿಕಾದ ಇಕೊವಾಸ್ 1975ರಲ್ಲಿ ಹುಟ್ಟಿದ್ದು ವ್ಯಾಪಾರಕ್ಕೆ. 1990ರ ಆಗಸ್ಟ್‌ನಲ್ಲಿ ಲೈಬೀರಿಯಾದ ಅಂತರ್ಯುದ್ಧ ತಡೆಯಲು ಅದರ ಇಕೊಮಾಗ್ ಪಡೆ ರಾಜಧಾನಿ ಮನ್ರೋವಿಯಾಕ್ಕೆ ಬಂದಿಳಿಯಿತು. ಪಡೆಯ ಬಹುಪಾಲು ನೈಜೀರಿಯಾದ್ದು. ಅದೇ ಕೂಟದ ಸದಸ್ಯರಾದ ಬುರ್ಕಿನಾ ಫಾಸೊ, ಐವರಿ ಕೋಸ್ಟ್‌ಗಳು ಎದುರು ಪಾಳಯದ ಚಾರ್ಲ್ಸ್ ಟೇಲರ್ ಬೆನ್ನಿಗಿದ್ದವು. ಬಂದ ಹದಿನೈದು ಚಿಲ್ಲರೆ ದಿನಗಳಲ್ಲಿ ಲೈಬೀರಿಯಾದ ಅಧ್ಯಕ್ಷ ಸ್ಯಾಮುಯೆಲ್ ಡೋ ಪಡೆಯ ಕಚೇರಿಗೆ ಬಂದಿದ್ದಾಗಲೇ ಪ್ರಿನ್ಸ್ ಜಾನ್ಸನ್ ಗುಂಪು ಅವನನ್ನು ಹೊತ್ತೊಯ್ದು ಚಿತ್ರಹಿಂಸೆ ಕೊಟ್ಟು ಕೊಂದಿತು. ಪಡೆಗೆ ನೆಲೆ ಕೊಟ್ಟ ಸಿಯೆರಾ ಲಿಯೋನ್‌ಗೆ 1991ರಲ್ಲಿ ಯುದ್ಧ ದಾಟಿತು. ಏಳು ವರ್ಷ ಕಳೆದು ನಡೆದ ಚುನಾವಣೆಯಲ್ಲಿ ಗೆದ್ದವನು ಯಾರು? ತಡೆಯಲು ಹೋಗಿದ್ದ ಅದೇ ಟೇಲರ್. ಅವನ ಕಾಲದಲ್ಲಿ ಮತ್ತೆ ಯುದ್ಧ. ಅದು ನಿಂತದ್ದು 2003ರಲ್ಲಿ.

ಗ್ಯಾಂಬಿಯಾದ ಹೆಸರು ಹೇಳುತ್ತೀರಿ, ಒಪ್ಪಿದೆ. 2017ರ ಜನವರಿಯಲ್ಲಿ ಚುನಾವಣೆ ಸೋತೂ ಕುರ್ಚಿ ಬಿಡದ ಯಾಹ್ಯಾ ಜಮ್ಮೆಯನ್ನು ಇಕೊವಾಸ್ ಪಡೆ ಹೆಚ್ಚುಕಮ್ಮಿ ಗುಂಡು ಹಾರಿಸದೆ ಕೆಳಗಿಳಿಸಿತು. ಆದರೆ ಅಲ್ಲಿ ಗೆದ್ದ ಅಭ್ಯರ್ಥಿ ಅಡಾಮ ಬ್ಯಾರೊ ಎದುರಿಗಿದ್ದ, ಜನ ಅವನಿಗೆ ಓಟು ಹಾಕಿದ್ದರು, ಜಮ್ಮೆಯ ಸೇನೆ ಹೋರಾಡಲು ಸಿದ್ಧವಿರಲಿಲ್ಲ, ಮೂರು ಕಡೆಯೂ ಸೆನೆಗಲ್ ಸುತ್ತುವರಿದ ಪುಟ್ಟ ದೇಶ. ಅದೇ ಇಕೊವಾಸ್ 2023ರ ಜುಲೈನಲ್ಲಿ ನೈಜರ್‌ನ ಕ್ಷಿಪ್ರಕ್ರಾಂತಿಯ ಸೇನಾಧಿಕಾರಿಗಳಿಗೆ ಒಂದು ವಾರದ ಗಡುವು ಕೊಟ್ಟಿತು. ವಾರ ಕಳೆಯಿತು, ಸೈನ್ಯ ಹೊರಡಲಿಲ್ಲ. ಹಾಕಿದ ನಿರ್ಬಂಧಗಳನ್ನು 2024ರ ಫೆಬ್ರವರಿಯಲ್ಲಿ ತಾನೇ ಸಡಿಲಿಸಿತು. 2025ರ ಜನವರಿಯಲ್ಲಿ ನೈಜರ್, ಮಾಲಿ, ಬುರ್ಕಿನಾ ಫಾಸೊ ಮೂರೂ ಕೂಟವನ್ನೇ ಬಿಟ್ಟು ಹೊರನಡೆದವು. ಹೆದರಿಸಿದವನಿಗೆ ಹೊಡೆಯುವ ಧೈರ್ಯವಿಲ್ಲ ಎಂದು ಗೊತ್ತಾದ ಮೇಲೆ ಕೂಟದ ಮಾತಿಗೆ ಮೊದಲಿದ್ದ ತೂಕವೂ ಉಳಿಯುವುದಿಲ್ಲ.

ನಮ್ಮಲ್ಲೇ ವಲಯ ಮಂಡಳಿಗಳಿವೆ, ಆ ಮಾದರಿ ಸಾರ್ಕ್‌ಗೆ ಆಗದೇ ಎಂದು ಕೇಳಿದವರಿಗೆ ಚಿಕ್ಕ ಉತ್ತರ ಸಾಕು. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯಡಿ ಹುಟ್ಟಿದ ಈ ಮಂಡಳಿಗಳಿಗೆ ಗಡಿ ತಗಾದೆ, ಭಾಷಾ ಅಲ್ಪಸಂಖ್ಯಾತರ ವಿಷಯ ಎರಡನ್ನೂ ಚರ್ಚಿಸಿ ಶಿಫಾರಸು ಮಾಡುವ ಅಧಿಕಾರವಿದೆ, ಕೇಂದ್ರ ಗೃಹಮಂತ್ರಿಯೇ ಅಧ್ಯಕ್ಷರು. ಬೆಳಗಾವಿ ಬಗೆಹರಿಯಿತೇ? ಕರ್ನಾಟಕ ದಕ್ಷಿಣ ವಲಯದಲ್ಲಿ, ಮಹಾರಾಷ್ಟ್ರ ಪಶ್ಚಿಮ ವಲಯದಲ್ಲಿ. ಚಂದ್ರಗಿರಿಯ ಉತ್ತರದ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು, ಕರ್ನಾಟಕ ಮತ್ತು ಕೇರಳ ಒಂದೇ ವಲಯದಲ್ಲಿದ್ದೂ ಅಲ್ಲಿನ ಕನ್ನಡಿಗರ ಕೊರಗು ತೀರಲಿಲ್ಲ. ಸಕಲೇಶಪುರದ ಪೇಟೆ ಬದಿಯಲ್ಲಿ ಹರಿದು ಗೊರೂರಿನಲ್ಲಿ ನಿಲ್ಲುವ ಹೇಮಾವತಿಯ ನೀರಿನ ತಗಾದೆಯೂ ಅಷ್ಟೇ. ಕಾವೇರಿ ವಿವಾದ ಒಂದು ಹದಕ್ಕೆ ಬಂದದ್ದು 1990ರಲ್ಲಿ ರಚನೆಯಾದ ನ್ಯಾಯಮಂಡಳಿಯಿಂದ, 2007ರ ಅದರ ಐತೀರ್ಪಿನಿಂದ, ಕರ್ನಾಟಕದ ಪಾಲು 284.75 ಟಿಎಂಸಿ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ. ಒಂದೇ ಸಂವಿಧಾನ, ಒಂದೇ ಸುಪ್ರೀಂ ಕೋರ್ಟ್ ಇದ್ದಲ್ಲೇ ಕೂತು ಮಾತಾಡುವ ಮಂಡಳಿಯಿಂದ ಆಗದ್ದು, ಅವೆರಡೂ ಇಲ್ಲದ, ಈಗ ಎಂಟಾಗಿರುವ ಸಾರ್ಕ್ ದೇಶಗಳ ನಡುವೆ ಆದೀತೆಂಬ ಆಸೆಗೆ ಆಧಾರ ಕಾಣೆ.

ಹಾಗಾದರೆ ಕೂಟಕ್ಕೆ ಕೆಲಸವೇ ಇಲ್ಲವೇ, ಮುಚ್ಚಿಬಿಡೋಣವೇ? ಇದು ಆರನೆಯ ಆಕ್ಷೇಪ, ಇದಕ್ಕೆ ಉತ್ತರಿಸಲು ನನಗೆ ನಮ್ಮ ಘಾಟಿಯೇ ಬೇಕು. ಮಂಗಳೂರಿನ ಕಡೆಯಿಂದ ಭಾರ ಹೊತ್ತು ಬರುವ ಗೂಡ್ಸ್ ಗಾಡಿ ಸುಬ್ರಹ್ಮಣ್ಯ ರೋಡಿನಲ್ಲಿ ನಿಂತು, ಹಿಂದುಗಡೆ ಬ್ಯಾಂಕರ್ ಎಂಜಿನ್ ಜೋಡಿಸಿಕೊಂಡು ಎಡಕುಮೇರಿಯತ್ತ ಹತ್ತುತ್ತದೆ. ಸಕಲೇಶಪುರದವರೆಗೆ ಐವತ್ತಡಿಗೆ ಒಂದಡಿಯ ಏರು, 57 ಸುರಂಗ, 109 ಸೇತುವೆ. ಮುಂದಿನ ಎಂಜಿನ್ ಎಳೆಯುತ್ತಿರುವಷ್ಟು ಹೊತ್ತು ಹಿಂದಿನದರ ಬಲ ಉಪಯೋಗಕ್ಕೆ ಬರುತ್ತದೆ. ಮುಂದಿನವನು ಬ್ರೇಕ್ ಹಾಕಿ ನಿಂತಾಗ ಹಿಂದಿನವನು ಜೋರು ಮಾಡಿದರೆ ನಡುವಿನ ವ್ಯಾಗನ್‌ಗಳು ಹಳಿ ಬಿಟ್ಟು ಮೇಲೇಳುತ್ತವೆ. ಲೈಬೀರಿಯಾದಲ್ಲಿ ಎದ್ದವು.

ಬ್ಯಾಂಕರ್ ಎಂಜಿನ್ನಿನ ಕೆಲಸ ಸಣ್ಣದಲ್ಲ. ಇಂಡೊನೇಷ್ಯಾದ ಆಚೆ ಪ್ರಾಂತದಲ್ಲಿ ಸುಮಾರು ಮೂವತ್ತು ವರ್ಷ ಬಂಡಾಯ ನಡೆಯಿತು. 2004ರ ಸುನಾಮಿಯಲ್ಲಿ ಎರಡೂ ಕಡೆ ನೆಲ ಕುಸಿದ ಮೇಲೆ 2005ರ ಆಗಸ್ಟ್‌ನಲ್ಲಿ ಹೆಲ್ಸಿಂಕಿಯಲ್ಲಿ ಸರ್ಕಾರ ಮತ್ತು ಬಂಡುಕೋರರು ತಾವೇ ಸಹಿ ಹಾಕಿದರು. ಆಮೇಲೆ ಯುರೋಪಿಯನ್ ಒಕ್ಕೂಟದ ಜೊತೆ ಆಸಿಯಾನ್‌ನ ಐದು ದೇಶಗಳು, ಥಾಯ್ಲೆಂಡ್, ಮಲೇಷ್ಯಾ, ಬ್ರುನೈ, ಫಿಲಿಪೀನ್ಸ್, ಸಿಂಗಪುರ, ವೀಕ್ಷಕರನ್ನು ಕಳಿಸಿದವು. ಬಂಡುಕೋರರು ಒಪ್ಪಿಸಿದ 840 ಆಯುಧಗಳನ್ನು ಎಣಿಸಿ ತುಂಡರಿಸಿದ್ದು, ಸರ್ಕಾರದ ಸೈನ್ಯ ಎಷ್ಟು ವಾಪಸಾಯಿತೆಂದು ಲೆಕ್ಕ ಇಟ್ಟದ್ದು ಆ ತಂಡ. ಯಾರ ಸಾರ್ವಭೌಮತ್ವಕ್ಕೂ ಕುಂದು ಬರಲಿಲ್ಲ, ಜಗಳ ಮರುಕಳಿಸಲಿಲ್ಲ.

ಹಸ್ತಕ್ಷೇಪ ಮಾಡಬಾರದೆಂಬ ತತ್ವ ಆಸಿಯಾನ್‌ಗೂ ಇದೆ, ನಮಗಿಂತ ಹಳೆಯದು. ಅದೇ ಆಸಿಯಾನ್ ಮ್ಯಾನ್ಮಾರ್‌ನಲ್ಲಿ ಸೋತಿತು. 2021ರ ಫೆಬ್ರವರಿಯಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು, ಏಪ್ರಿಲ್ 24ರಂದು ಜಕಾರ್ತದಲ್ಲಿ ಜನರಲ್ ಮಿನ್ ಆಂಗ್ ಲೈಂಗ್ ಎದುರಿಗೇ ಐದು ಅಂಶಗಳ ಒಮ್ಮತ ಆಯಿತು, ಊರಿಗೆ ಮರಳಿದ ಜನರಲ್ ಕೊಂದುಕೊಂಡೇ ಹೋದ. ನಿಯಮ ಒಂದೇ, ಕೂಟ ಒಂದೇ. ಆಚೆ ಪ್ರಾಂತದಲ್ಲಿ ಮುಂದಿನ ಎಂಜಿನ್ ಎಳೆಯುತ್ತಿತ್ತು, ಮ್ಯಾನ್ಮಾರ್‌ನಲ್ಲಿ ಇಲ್ಲ.

ಈಗ ಸಾರ್ಕ್ ಕಡೆ ಬನ್ನಿ. 1996ರಿಂದ ಹತ್ತು ವರ್ಷ ನೇಪಾಳದಲ್ಲಿ ಯುದ್ಧ ನಡೆಯಿತು, ಹದಿಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಸಾರ್ಕ್ ಸಚಿವಾಲಯ ಇರುವುದು ಅದೇ ಕಠ್ಮಂಡುವಿನಲ್ಲಿ. ಕರ್ಫ್ಯೂ ಆದ ರಾತ್ರಿ ಅದರ ನೌಕರರೂ ಮನೆಯಲ್ಲೇ ಕೂತಿರಬೇಕು. 2005ರ ನವೆಂಬರ್‌ನಲ್ಲಿ ಏಳು ಪಕ್ಷಗಳು ಮತ್ತು ಮಾವೋವಾದಿಗಳು ದಿಲ್ಲಿಯಲ್ಲಿ ಹನ್ನೆರಡು ಅಂಶಗಳ ಒಪ್ಪಂದಕ್ಕೆ ಬಂದರು. ಮರು ಏಪ್ರಿಲ್‌ನಲ್ಲಿ ಜನ ಬೀದಿಗಿಳಿದು ದೊರೆಯನ್ನು ಬಗ್ಗಿಸಿದರು. 2006ರ ನವೆಂಬರ್ 21ಕ್ಕೆ ಶಾಂತಿ ಒಪ್ಪಂದ. ಇಷ್ಟು ಹೊತ್ತಿಗೆ ಒಳಗಿನವರು ಎಳೆಯಬೇಕಾದ್ದನ್ನೆಲ್ಲ ಎಳೆದಾಗಿತ್ತು. ಉಳಿದದ್ದು ಆಯುಧಗಳನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದು ಕಾಯುವ ಕೆಲಸ. ಅದಕ್ಕೆ ವಿಶ್ವಸಂಸ್ಥೆಯ ತಂಡ ಬರಬೇಕಾಯಿತು, 2007ರಿಂದ 2011ರವರೆಗೆ ಇತ್ತು. ಬಾಂಗ್ಲಾದೇಶ, ನೇಪಾಳ, ಭಾರತ, ಪಾಕಿಸ್ತಾನ, ಈ ನಾಲ್ಕೂ ವಿಶ್ವಸಂಸ್ಥೆಯ ಶಾಂತಿಪಡೆಗಳಿಗೆ ಪ್ರಪಂಚದಲ್ಲೇ ಅತಿ ಹೆಚ್ಚು ಸೈನಿಕರನ್ನು ಕಳಿಸುವ ದೇಶಗಳ ಸಾಲಿನವು. ಕಾಂಗೋದಲ್ಲಿ, ಸುಡಾನಿನಲ್ಲಿ ಬೀಗದ ಕೈ ಕಾಯಬಲ್ಲವರು ನೇಪಾಳದ ಚಿತವನದಲ್ಲಿ ಕಾಯಲಾರರೇ? ಹತ್ತನೇ ವಿಧಿ ಇದಕ್ಕೆ ಅಡ್ಡ ಬರುತ್ತಿರಲಿಲ್ಲ, ಕರೆಯುವವನು ನೇಪಾಳವೇ ಆಗಿದ್ದ. ಅಡ್ಡ ಬಂದದ್ದು ಭಾರತಕ್ಕೆ ಪಾಕಿಸ್ತಾನದ ಮೇಲೆ, ಪಾಕಿಸ್ತಾನಕ್ಕೆ ಭಾರತದ ಮೇಲೆ, ನೇಪಾಳಕ್ಕೆ ಇಬ್ಬರ ಮೇಲೂ ಇರುವ ಅಪನಂಬಿಕೆ. 2014ರಲ್ಲಿ ಕಠ್ಮಂಡುವಿನಲ್ಲಿ ನಡೆದ ಶೃಂಗಸಭೆಯೇ ಕೊನೆಯದು, ಉರಿ ದಾಳಿಯ ಬಳಿಕ 2016ರ ಇಸ್ಲಾಮಾಬಾದ್ ಸಭೆ ರದ್ದಾಯಿತು.

ಕೊನೆಯ ಆಕ್ಷೇಪ ನೈತಿಕವಾದದ್ದು, ಅದನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಸಾರ್ವಭೌಮತ್ವದ ಹೆಸರಿನಲ್ಲಿ ಸರ್ಕಾರಗಳ ಕೊಲೆಗಳಿಗೆ ನೀನು ಪರದೆ ಹಿಡಿಯುತ್ತಿದ್ದೀಯ ಎಂದು ಬರೆದಿದ್ದಾರೆ. 2008ರ ಆಗಸ್ಟ್‌ನಲ್ಲಿ ಕೊಲಂಬೊದಲ್ಲಿ ಸಾರ್ಕ್ ನಾಯಕರು ಕೂತು ಭಯೋತ್ಪಾದನೆಯನ್ನು ಖಂಡಿಸುತ್ತಿದ್ದಾಗ ಉತ್ತರದ ವನ್ನಿಯಲ್ಲಿ ಜನ ಗುಡಿಸಲು ಕಿತ್ತುಕೊಂಡು ಓಡುತ್ತಿದ್ದರು. 2009ರ ಮೇ ತಿಂಗಳಲ್ಲಿ ಮುಳ್ಳಿವಾಯ್ಕಾಲಿನ ಮರಳದಂಡೆಯಲ್ಲಿ ಸತ್ತ ನಾಗರಿಕರ ಲೆಕ್ಕಕ್ಕೆ ಇವತ್ತಿಗೂ ಜಗಳವಿದೆ. ಅದೇ ತಿಂಗಳು ಜಿನೀವಾದ ವಿಶ್ವಸಂಸ್ಥೆ ಮಾನವ ಹಕ್ಕು ಮಂಡಳಿಯಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ ಮೂರೂ ಶ್ರೀಲಂಕಾದ ಪರ ಕೈ ಎತ್ತಿದವು. ದಕ್ಷಿಣ ಏಷ್ಯಾದ ಅಪರೂಪದ ಒಗ್ಗಟ್ಟು ಕಂಡದ್ದು ಅಲ್ಲಿ. ಇದಕ್ಕೆ ನಾನು ಯಾವ ಸಮರ್ಥನೆಯನ್ನೂ ಕೊಡುವುದಿಲ್ಲ. ನನ್ನ ತಕರಾರು ಮದ್ದಿನ ಬಗ್ಗೆ. ಹಸ್ತಕ್ಷೇಪದ ಕಲಮು ಬರೆದರೆ ಈ ಕೈಗಳು ಬೇರೆ ಕಡೆ ಏಳುತ್ತಿದ್ದವು ಎಂದು ನೀವು ನಂಬಿದ್ದೀರಿ, ನನಗೆ ಆ ನಂಬಿಕೆ ಇಲ್ಲ.

ಕಲಮಿಗಾಗಿ ಕಾಯುವ ಬದಲು ಈಗಲೇ ಕೇಳಬಹುದಾದ್ದನ್ನು ಕೇಳೋಣ. ತೊಂಬತ್ತರ ದಶಕದ ಆರಂಭದಲ್ಲಿ ಭೂತಾನ್ ಒಂದು ಲಕ್ಷದಷ್ಟು ನೇಪಾಳಿ ಮಾತಿನ ಲ್ಹೊತ್ಶಾಂಪ ಜನರನ್ನು ಹೊರಹಾಕಿತು. ಭಾರತದ ನೆಲ ದಾಟಿ ಅವರು ನೇಪಾಳದ ಝಾಪಾ, ಮೊರಂಗ್ ಶಿಬಿರಗಳಿಗೆ ಸೇರಿದರು. ಮೂರೂ ದೇಶ ಸಾರ್ಕ್ ಸದಸ್ಯರು. ಭೂತಾನ್ ಮತ್ತು ನೇಪಾಳ ಹದಿನೈದು ಸುತ್ತು ಮಾತಾಡಿದರೂ ಒಬ್ಬನೂ ಮನೆಗೆ ಮರಳಲಿಲ್ಲ. 2007ರಿಂದ ಅಮೆರಿಕ ಮುಂತಾದ ದೇಶಗಳು 1,13,000 ಮಂದಿಯನ್ನು ಕರೆದುಕೊಂಡವು. 2025ರಲ್ಲಿ ಅಮೆರಿಕ ಅವರಲ್ಲಿ ಕೆಲವರನ್ನು ಗಡೀಪಾರು ಮಾಡಿ ವಿಮಾನದಲ್ಲಿ ಭೂತಾನಿಗೆ ಕಳಿಸಿತು, ಭೂತಾನ್ ಅವರನ್ನು ಭಾರತದ ಗಡಿಗೆ ತಂದು ಬಿಟ್ಟಿತು, ಅವರು ಮತ್ತೆ ನೇಪಾಳಕ್ಕೆ ಬಂದು ಅಲ್ಲಿ ಅಕ್ರಮ ಪ್ರವೇಶದ ಕೇಸು ಎದುರಿಸಿದರು. ಇಂಥವರಿಗೆ ಒಂದು ಗುರುತಿನ ಚೀಟಿ, ಯಾವುದೋ ಒಂದು ದೇಶದಲ್ಲಿ ಕಾನೂನಿನ ಪ್ರಕಾರ ಇರುವ ಹಕ್ಕು ಕೊಡಲು ಶಾಂತಿಪಡೆ ಬೇಡ, 4(ಎಚ್) ಬೇಡ, ಯಾರ ರಾಜಧಾನಿಯ ಮೇಲೂ ವಿಮಾನ ಹಾರಿಸಬೇಕಿಲ್ಲ. ನಿರಾಶ್ರಿತರ ಬಗ್ಗೆ ಸಾರ್ಕ್ ಒಪ್ಪಂದ ಎಂಬುದು ಇವತ್ತಿನವರೆಗೂ ಇಲ್ಲ. ಅದಕ್ಕೆ ಬೇಕಾದ್ದು ವಿದೇಶಾಂಗ ಕಾರ್ಯದರ್ಶಿಗಳ ಒಂದು ಸಭೆ. ಅದನ್ನು ಕರೆಯುವ ಅಧಿಕಾರ ಸನ್ನದಿನಲ್ಲೇ ಇದೆ, ಹತ್ತನೇ ವಿಧಿಗಿಂತ ಮೇಲಿನ ಕಲಮುಗಳಲ್ಲಿ.